ಹೊಲದ ದುಡಿತವನ್ನು ಚಿತ್ರಿಸಿದ ಜಾಂ ಫ್ರಾನ್ಸ್ವಾ ಮಿಲೇ

ಸಾಯಂಕಾಲದ ಮಬ್ಬು ಬೆಳಕಿನಲ್ಲಿ ಹೊಲದ ನಡುವೆ ಗಂಡನೂ ಹೆಂಡತಿಯೂ ತಲೆಬಾಗಿ ನಿಂತಿರುವ ಒಂದು ಚಿತ್ರವುಂಟು. ಗಂಡನು ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಹೆಂಡತಿಯು ಎರಡು ಕೈಗಳನ್ನೂ ಎದೆಗೆ ಜೋಡಿಸಿಕೊಂಡಿದ್ದಾಳೆ. ಅವರ ಕಾಲ ಬಳಿಯಲ್ಲಿ ಆಲುಗಡ್ಡೆಯ ಬುಟ್ಟಿ, ಪಕ್ಕದಲ್ಲಿ ನೆಲಕ್ಕೆ ನಾಟಿದ ಕವೆಗೋಲು, ಹಿಂದೆ ಒಂದು ಕೈಬಂಡಿ. ಬಹು ದೂರದಲ್ಲಿ ದೇವಾಲಯದ ಗೋಪುರವು ಕಾಣುತ್ತದೆ. ಈ ಚಿತ್ರದ ಅಚ್ಚುಪ್ರತಿಗಳು ಲೋಕದ ಅನೇಕ ದೇಶಗಳಲ್ಲಿ ಬಡವರ ಮನೆಯ ಗೋಡೆಗಳನ್ನೂ ಸೇರಿದವು. ವಾಚಕರಲ್ಲಿ ಕೆಲವರಾದರೂ ಅದನ್ನು ನೋಡಿರಬಹುದು. ಆದರೆ ಅದನ್ನು ಬರೆದವನು ಯಾರು, ಎಂಥಾ ಕಷ್ಟದೊಳಗಿಂದ ಬರೆದನು ಎಂಬದನ್ನು ತಿಳಿದವರು ಕಡಿಮೆ. ಆದದರಿಂದ ಆ ಚಿತ್ರಗಾರನಾದ ಜಾಂ ಫ್ರಾನ್ಸ್ವಾ ಮಿಲೇ ಎಂಬವನ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ನಾರ್ಮಂಡಿ ಎಂಬ ಸೀಮೆಯಿದೆ. ಅಲ್ಲಿ ಶೆರ್ಬೂರ್ ಎಂಬ ರೇವುಪಟ್ಟಣಕ್ಕೆ ಸಮೀಪವಾಗಿ, ಸಮುದ್ರದ ಬಂಡೆಗಳ ಮೇಲುಗಡೆ, ಗ್ರೇವಿಲ್ ಗ್ರಾಮಕ್ಕೆ ಸೇರಿದ ಗ್ರುಶಿ ಎಂಬ ಸಣ್ಣ ಹಳ್ಳಿಯಿರುತ್ತದೆ. ಮಿಲೇಯು ೧೮೧೪ನೆಯ ಇಸವಿ ಅಕ್ಟೋಬರ ೪ನೆಯ ತಾರೀಕಿನಲ್ಲಿ ಆ ಹಳ್ಳಿಯ ಒಕ್ಕಲಿಗರ ಮನೆಯಲ್ಲಿ ಹುಟ್ಟಿದನು. ತಂದೆತಾಯಿಗಳಿಗೆ ಎಂಟು ಮಂದಿ ಮಕ್ಕಳು. ಅವರಲ್ಲಿ ಇವನೇ ಹಿರಿಯ ಮಗನು. ತಂದೆಯು ಹೊಲದ ಕೆಲಸದವನಾಗಿದ್ದರೂ ಸಂಗೀತವನ್ನು ಬಲ್ಲವನಾಗಿ ಗ್ರಾಮದ ದೇವಾಲಯದಲ್ಲಿ ಹಾಡುವವರನ್ನು ನಡಿಸುತ್ತಿದ್ದನು. ತಾಯಿಗೆ ಹೊಲದ ಕೆಲಸ ಬಹಳವಾಗಿದ್ದದರಿಂದ ಮಗುವನ್ನು ಹೆಚ್ಚಾಗಿ ಸಾಕಿದವಳು ಅಜ್ಜಿಯೇ. ಆಕೆಯು ಬಹು ಭಕ್ತಿಯುಳ್ಳ ಸ್ತ್ರೀ. ಆಕೆಯು ಮೊಮ್ಮಗನಿಗೆ ಸತ್ಯ ನುಡಿಯುವದನ್ನೂ, ಬಡವರನ್ನು ಕನಿಕರಿಸುವದನ್ನೂ, ದೇವರಿಗೆ ಭಯಪಡುವದನ್ನೂ ಕಲಿಸಿದಳು. ಅಜ್ಜನ ಸಹೋದರನಾದ ಒಬ್ಬ ಯಾಜಕನೂ ಅದೇ ಮನೆಯಲ್ಲಿದ್ದು ತನ್ನ ಕೈಗಳಿಂದ ಹೊಲದಲ್ಲಿ ದುಡಿಯುತ್ತಿದ್ದನು.

ಹುಡುಗನು ಗ್ರಾಮದ ಯಾಜಕರಿಂದ ಲತೀನ್ ಭಾಷೆಯನ್ನು ಕಲಿತು ಸತ್ಯವೇದವನ್ನೂ, ರೋಮಾಪುರದ ಪೂರ್ವಕಾಲದ ಕವಿಯಾದ ವರ್ಜಿಲನು ಬೇಸಾಯದ ವಿಷಯವಾಗಿ ಬರೆದ ಕಾವ್ಯವನ್ನೂ ಆ ಭಾಷೆಯಲ್ಲಿಯೇ ಓದಿದನು. ಆದರೂ ಅವನ ಮುಖ್ಯ ಪಾಠಶಾಲೆಯು ಹೊಲವೇ. ಉಳುವದು, ಬಿತ್ತುವದು, ಗೊಬ್ಬರ ಚೆಲ್ಲುವದು, ಹುಲ್ಲು ಕೊಯ್ಯುವದು, ಸಿವುಡು ಕಟ್ಟುವದು, ಬಡಿಯುವದು, ಕೇರುವದು ಇವೆಲ್ಲವನ್ನೂ ಅವನು ತಂದೆಯ ಪಕ್ಕದಲ್ಲಿ ನಿಂತು ಮಾಡಿದನು. ಮುಂದೆ ಅವನು ಬರೆದ ಚಿತ್ರಗಳಲ್ಲಿ ಬೆನ್ನು ಬಾಗುವ ರೀತಿಯೂ ಕೈ ಹಿಡಿಯುವ ರೀತಿಯೂ ಎಷ್ಟು ಮಾತ್ರವೂ ತಪ್ಪಾಗದೆ ಇರುವದಕ್ಕೆ ಇದೇ ಕಾರಣ. ಅವನು ಅವುಗಳನ್ನು ಬೇಲಿಯ ಆಚೆ ನಿಂತು ನೋಡಿದವನಲ್ಲ. ತನ್ನ ಬೆನ್ನು ನೊಂದು ಕಲಿತವನು.

ಒಂದು ಭಾನುವಾರ ಅವನು ದೇವಾಲಯದಿಂದ ಹಿಂದಿರುಗುವಾಗ ಬೆನ್ನು ಬಾಗಿದ ಒಬ್ಬ ಮುದುಕನು ನಡೆದುಹೋಗುವದನ್ನು ಕಂಡು ಮನೆಗೆ ಬಂದು ಇದ್ದಲಿನಿಂದ ಅವನ ರೂಪವನ್ನು ಬರೆದನಂತೆ. ಮನೆಯವರೆಲ್ಲರೂ ಆ ಮುದುಕನ ಗುರುತು ಹಿಡಿದರು. ತಂದೆಯು ಮಗನಲ್ಲಿ ಇಂಥ ವರವಿದೆಯೆಂದು ಮೊದಲೇ ತಿಳಿದಿದ್ದಾಗ್ಯೂ ಹೊಲಕ್ಕೆ ಕೈಗಳು ಬೇಕಾದದರಿಂದ ಸುಮ್ಮನಿದ್ದನು. ಈಗ ತಮ್ಮಂದಿರು ಬೆಳೆದಿರಲಾಗಿ ಅವನನ್ನು ಶೆರ್ಬೂರಿಗೆ ಕರೆದುಕೊಂಡು ಹೋಗಿ ಒಬ್ಬ ಚಿತ್ರಗಾರನ ಬಳಿಯಲ್ಲಿ ಬಿಟ್ಟನು. ಆದರೆ ೧೮೩೫ರಲ್ಲಿ ತಂದೆಯು ತೀರಿಹೋದನು. ಹಿರಿಯ ಮಗನು ಕಲಿಯುವದನ್ನು ಬಿಟ್ಟು ನೇಗಿಲನ್ನು ಹಿಡಿಯಲು ಮನೆಗೆ ಬಂದನು. ಆಗ ಅಜ್ಜಿಯು, ತಂದೆಯ ಇಷ್ಟವನ್ನು ಕೆಡಿಸಬಾರದೆಂದು ಹೇಳಿ ಅವನನ್ನು ಹಿಂದಕ್ಕೆ ಕಳುಹಿಸಿದಳು. ವಿಧವೆಯಾದ ತಾಯಿಯೂ ಮುಪ್ಪಿನ ಅಜ್ಜಿಯೂ ದುಡಿಯುವ ಮಗನನ್ನು ಹೀಗೆ ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲವೆಂದು ಒಕ್ಕಲುತನದ ಮನೆಯವರೆಲ್ಲರೂ ತಿಳಿಯುವರು.

೧೮೩೭ರಲ್ಲಿ ಶೆರ್ಬೂರಿನ ನಗರಸಭೆಯವರು ಕೊಟ್ಟ ಸಹಾಯದ್ರವ್ಯದಿಂದ ಅವನು ಫ್ರಾನ್ಸಿನ ರಾಜಧಾನಿಯಾದ ಪ್ಯಾರಿಸ್ ಪಟ್ಟಣಕ್ಕೆ ಹೋಗಿ, ಪಾಲ್ ದೆಲಾರೋಶ್ ಎಂಬ ಪ್ರಸಿದ್ಧ ಚಿತ್ರಗಾರನ ಶಿಷ್ಯನಾದನು. ಮಹಾನಗರದ ಗದ್ದಲವು ಅವನಿಗೆ ಹಿಡಿಸಲಿಲ್ಲ. ಲೂವ್ರ್ ಎಂಬ ಅರಮನೆಯಲ್ಲಿ ಇಟ್ಟಿದ್ದ ಹಿಂದಿನ ಮಹಾ ಚಿತ್ರಗಾರರ ಕೃತಿಗಳನ್ನು ನೋಡುವದೇ ಅವನ ಸಮಾಧಾನವಾಗಿತ್ತು. ೧೮೩೯ರಲ್ಲಿ ಸಹಾಯದ್ರವ್ಯವು ನಿಂತುಹೋಯಿತು. ಪ್ಯಾರಿಸಿನಲ್ಲಿ ಸಲೋನ್ ಎಂಬ ದೊಡ್ಡ ಚಿತ್ರಪ್ರದರ್ಶನವು ನಡೆಯುತ್ತಿತ್ತು; ಅಲ್ಲಿ ಅಂಗೀಕಾರ ದೊರೆತವನಿಗೆ ಮಾತ್ರ ಹೆಸರೂ ಅನ್ನವೂ ದೊರೆಯುತ್ತಿದ್ದವು. ಮಿಲೇಯು ಮೊದಲು ಕಳುಹಿಸಿದ ಚಿತ್ರವನ್ನು ಅಲ್ಲಿನವರು ತಳ್ಳಿಬಿಟ್ಟರು. ೧೮೪೧ರಲ್ಲಿ ಅವನು ಪೋಲೀನ್ ಓನೋ ಎಂಬ ಶೆರ್ಬೂರಿನ ಕನ್ಯೆಯನ್ನು ಮದುವೆಯಾದನು. ಆಕೆಯು ಮೊದಲಿನಿಂದಲೂ ದುರ್ಬಲ ಶರೀರದವಳು. ಪಟ್ಟಣದ ಬಡತನವನ್ನು ತಾಳಲಾರದೆ ೧೮೪೪ರಲ್ಲಿ ಕ್ಷಯರೋಗದಿಂದ ಸತ್ತಳು.

ಆ ವರ್ಷಗಳಲ್ಲಿ ಅವನು ಹೊಟ್ಟೆಯ ಪಾಡಿಗಾಗಿ ಜನರ ಮುಖಚಿತ್ರಗಳನ್ನೂ, ಅಂಗಡಿಗಳ ಫಲಕಗಳನ್ನೂ, ಶ್ರೀಮಂತರ ಕಣ್ಣಿಗೆ ಮೆಚ್ಚಾಗುವ ಬತ್ತಲೆ ಸ್ತ್ರೀಯರ ಚಿತ್ರಗಳನ್ನೂ ಬರೆಯುತ್ತಿದ್ದನು. ಕೊನೆಯ ತರಹದವು ಸುಲಭವಾಗಿ ಮಾರಿಹೋಗುತ್ತಿದ್ದವು. ಒಂದು ದಿನ ಅಂಗಡಿಯೊಂದರ ಮುಂದೆ ನಿಂತಿದ್ದ ಇಬ್ಬರು ಅವನ ಚಿತ್ರವನ್ನು ನೋಡಿ, ಇದನ್ನು ಬರೆದವನು ಇಂಥವುಗಳನ್ನಲ್ಲದೆ ಬೇರೇನನ್ನೂ ಬರೆಯುವದಿಲ್ಲವೆಂದು ಮಾತಾಡಿಕೊಂಡದ್ದು ಅವನ ಕಿವಿಗೆ ಬಿತ್ತೆಂದೂ, ಆ ರಾತ್ರಿಯೇ ಅವನು ಮನೆಗೆ ಬಂದು ಹೆಂಡತಿಯ ಒಪ್ಪಿಗೆಯನ್ನು ಕೇಳಿಕೊಂಡು ಅಂಥ ಕೆಲಸವನ್ನು ಬಿಟ್ಟನೆಂದೂ ಅವನ ಸ್ನೇಹಿತನೊಬ್ಬನು ಬರೆದಿಟ್ಟಿದ್ದಾನೆ. ಬಿಟ್ಟರೆ ಹಸಿವೆಯು ಹೆಚ್ಚುವದೆಂದು ಇಬ್ಬರಿಗೂ ಗೊತ್ತಿತ್ತು.

ಇಲ್ಲಿ ಹೆಂಡತಿಯೆಂದು ಹೇಳಿದ್ದು ಕತ್ರೀನ್ ಲಮೇರ್ ಎಂಬವಳನ್ನು ಕುರಿತು. ಆಕೆಯು ೧೮೪೫ರಿಂದ ಅವನ ಸಂಗಡ ಇದ್ದು ಒಂಬತ್ತು ಮಕ್ಕಳನ್ನು ಹೆತ್ತಳು. ಆದರೆ ಅವರ ಮದುವೆಯು ಸರಕಾರದ ಮುಂದೆ ನಡೆದದ್ದು ೧೮೫೩ರಲ್ಲಿ. ದೇವಾಲಯದ ಕ್ರಮದ ಪ್ರಕಾರ ನಡೆದದ್ದು ಅವನ ಮರಣಕ್ಕೆ ಕೆಲವೇ ದಿನಗಳ ಮುಂಚೆ. ಒಬ್ಬ ಮನುಷ್ಯನ ಚರಿತ್ರೆಯನ್ನು ಹೇಳುವಾಗ ಹೊಗಳಿಕೆಯನ್ನು ಮಾತ್ರ ಆಯ್ದುಕೊಳ್ಳುವದು ಸರಿಯಲ್ಲವಾದದರಿಂದ ಇದನ್ನೂ ಬರೆದೆವು. ಆ ಸ್ತ್ರೀಯು ಬಡತನದಲ್ಲಿ ಅವನನ್ನು ಬಿಡಲಿಲ್ಲ, ಅವನೂ ಆಕೆಯನ್ನು ಬಿಡಲಿಲ್ಲ ಎಂಬದೂ ಅಷ್ಟೇ ಸತ್ಯ.

೧೮೪೮ರಲ್ಲಿ ಫ್ರಾನ್ಸಿನಲ್ಲಿ ಅರಸನು ಸಿಂಹಾಸನವನ್ನು ಕಳಕೊಂಡು ಪ್ರಜಾಪ್ರಭುತ್ವವು ಸ್ಥಾಪನೆಯಾಯಿತು. ಆ ವರ್ಷದ ಪ್ರದರ್ಶನದಲ್ಲಿ ಮಿಲೇಯು ಧಾನ್ಯ ಕೇರುವವನ ಚಿತ್ರವನ್ನು ಇಟ್ಟನು. ಅಗಲವಾದ ಬೆತ್ತದ ಮೊರವನ್ನು ಮೊಣಕಾಲಿನ ಮೇಲೆ ಆನಿಸಿ ಕೇರುವ ಕೂಲಿಯಾಳು, ಬಂಗಾರದ ಧೂಳಿನಂತೆ ಮೇಲಕ್ಕೆ ಹಾರುವ ಹೊಟ್ಟು, ಇಷ್ಟೇ ಅದರಲ್ಲಿರುವದು. ಹೊಸ ಸರಕಾರದ ಮಂತ್ರಿಯಾದ ಲದ್ರೂ ರೊಲಾಂ ಎಂಬವನು ಅದನ್ನು ೫೦೦ ಫ್ರಾಂಕುಗಳಿಗೆ ಕೊಂಡುಕೊಂಡನು. ಈ ಚಿತ್ರವು ಆಮೇಲೆ ಅಮೇರಿಕಾದ ಬೆಂಕಿಯೊಂದರಲ್ಲಿ ಸುಟ್ಟುಹೋಯಿತೆಂದು ಬಹುಕಾಲ ನಂಬಲ್ಪಟ್ಟಿತ್ತು; ಆದರೆ ೧೯೭೨ರಲ್ಲಿ ಆ ದೇಶದ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ, ಈಗ ಲಂಡನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

೧೮೪೯ರ ಜೂನ್ ತಿಂಗಳಲ್ಲಿ ಪ್ಯಾರಿಸಿನೊಳಗೆ ವಾಂತಿಭ್ರಾಂತಿಯ ಜಾಡ್ಯವು ಹಬ್ಬಿರಲಾಗಿ ಮಿಲೇಯು ಹೆಂಡತಿಯನ್ನೂ ಮೂರು ಮಕ್ಕಳನ್ನೂ ಕರೆದುಕೊಂಡು, ಫೊಂತೆನ್ಬ್ಲೋ ಎಂಬ ಮಹಾ ಅರಣ್ಯದ ಅಂಚಿನಲ್ಲಿರುವ ಬಾರ್ಬಿಜೋನ್ ಹಳ್ಳಿಗೆ ಹೋದನು. ಸ್ವಲ್ಪ ಕಾಲಕ್ಕೆಂದು ಹೋದವನು ಸಾಯುವ ವರೆಗೂ ಅಲ್ಲಿಯೇ ಒಕ್ಕಲಾದನು. ಬೆಳಿಗ್ಗೆ ತೋಟದಲ್ಲಿ ಅಗೆಯುವದು, ಮಧ್ಯಾಹ್ನದ ಮೇಲೆ ಚಿತ್ರ ಬರೆಯುವದು ಅವನ ರೂಢಿಯಾಯಿತು. ಹೊಲಗಳಲ್ಲಿ ತಿರುಗಾಡುತ್ತಾ ಕಂಡದ್ದನ್ನು ಮನಸ್ಸಿನಲ್ಲಿ ತುಂಬಿಕೊಂಡು ಬಂದು ಹೆಚ್ಚಾಗಿ ನೆನಪಿನಿಂದಲೇ ಬರೆಯುತ್ತಿದ್ದನು.

ಅಲ್ಲಿ ಮೊದಲು ಹುಟ್ಟಿದ ದೊಡ್ಡ ಕೃತಿಯು ೧೮೫೦ರ ಬಿತ್ತುವವನ ಚಿತ್ರ. ಇಳಿಜಾರಾದ ಹೊಲದಲ್ಲಿ ಒಬ್ಬನು ದೊಡ್ಡ ಹೆಜ್ಜೆಗಳನ್ನಿಡುತ್ತಾ ಬೀಜವನ್ನು ವೀಸುತ್ತಾನೆ. ಹಿಂದೆ ಹಕ್ಕಿಗಳು ಮುತ್ತಿಕೊಂಡಿವೆ. ಬಿತ್ತುವವನ ಸಾಮ್ಯವನ್ನು ಅರಿತವರು ಈ ಹಕ್ಕಿಗಳನ್ನು ಕೂಡಲೇ ಗುರುತಿಸುವರು. ಕೂಲಿಯವನನ್ನು ಅರಸನಷ್ಟು ಗಂಭೀರವಾಗಿ ಬರೆದದ್ದನ್ನು ನೋಡಿ ಪಟ್ಟಣದವರಲ್ಲಿ ಕೆಲವರು ಮೆಚ್ಚಿದರು, ಕೆಲವರು ಹೆದರಿದರು. ೧೮೫೩ರಲ್ಲಿ ಅವನು ಸುಗ್ಗಿಯವರು ಉಣ್ಣಲು ಕುಳಿತಿರುವ ಚಿತ್ರವೊಂದನ್ನು ಪ್ರದರ್ಶಿಸಿದನು. ಅದರಲ್ಲಿ ಹೊಲದ ಯಜಮಾನನು ನಾಚಿಕೊಂಡ ಒಬ್ಬ ಹಕ್ಕಲಾಯುವ ಹೆಂಗಸನ್ನು ಕರತಂದು ಅವರ ನಡುವೆ ಸೇರಿಸುತ್ತಾನೆ. ಸತ್ಯವೇದದ ರೂತಳೂ ಬೋವಜನೂ ಅವನ ಮನಸ್ಸಿನಲ್ಲಿದ್ದರು. ಉಡಿಗೆತೊಡಿಗೆ ಮಾತ್ರ ಫ್ರಾನ್ಸಿನ ರೈತರದು. ಇದಕ್ಕೆ ಎರಡನೆಯ ತರಗತಿಯ ಪದಕವು ದೊರೆಯಿತು.

ಇಷ್ಟಾದರೂ ಮನೆಯ ಕಷ್ಟವು ತೀರಲಿಲ್ಲ. ೧೮೫೧ರಲ್ಲಿ ಅಜ್ಜಿಯು ಸತ್ತಳು. ತಾಯಿಯು ಮಗನನ್ನು ಒಮ್ಮೆ ನೋಡಬೇಕೆಂದು ಹಂಬಲಿಸುತ್ತಾ ಕಾದಿದ್ದಳು. ಆದರೆ ಪ್ರಯಾಣಕ್ಕೆ ಬೇಕಾದ ಹಣವು ಅವನಿಗೆ ಕೂಡಿಬರಲಿಲ್ಲ. ೧೮೫೩ರಲ್ಲಿ ಆಕೆಯು ಅವನನ್ನು ಕಾಣದೆಯೇ ತೀರಿಹೋದಳು. ಮುಂದೆ ಅವನು ತೋಬಿಯಾಸನ ಮುಪ್ಪಿನ ತಂದೆತಾಯಿಗಳು ಬಾಗಲಲ್ಲಿ ನಿಂತು ಮಗನ ಬರವಿಗಾಗಿ ದಾರಿಯನ್ನು ನೋಡುವ ಚಿತ್ರವೊಂದನ್ನು ಬರೆದನು. ಅದನ್ನು ಬರೆಯುವಾಗ ಯಾವ ತಾಯಿಯು ಅವನ ಕಣ್ಣಮುಂದೆ ಇದ್ದಳೆಂದು ನಾವು ಹೇಳಬೇಕಾಗಿಲ್ಲ.

ಕಷ್ಟದಲ್ಲಿ ದೊರೆತ ಒಂದು ಸಹಾಯವು ನೆನಪಿನಲ್ಲಿಡತಕ್ಕದ್ದು. ಬಾರ್ಬಿಜೋನಿನಲ್ಲಿ ಥಿಯೊಡೋರ್ ರುಸ್ಸೋ ಎಂಬ ಮತ್ತೊಬ್ಬ ಚಿತ್ರಗಾರನಿದ್ದನು. ಅವನು ಮರಗಳನ್ನೂ ಕಾಡನ್ನೂ ಬರೆಯುವದರಲ್ಲಿ ಪ್ರಸಿದ್ಧನು. ೧೮೫೫ರಲ್ಲಿ ಮಿಲೇಯು, ರೈತನೊಬ್ಬನು ಗಿಡಕ್ಕೆ ಕಸಿ ಕಟ್ಟುವದನ್ನೂ, ಹೆಂಡತಿಯು ಮಗುವನ್ನೆತ್ತಿಕೊಂಡು ನೋಡುತ್ತಿರುವದನ್ನೂ ಬರೆದನು. ಒಬ್ಬ ಅಮೇರಿಕಾದವನು ಅದನ್ನು ೪,೦೦೦ ಫ್ರಾಂಕುಗಳಿಗೆ ಕೊಂಡನೆಂದು ರುಸ್ಸೋ ಬಂದು ತಿಳಿಸಿ ಹಣವನ್ನು ಕೊಟ್ಟನು. ಅಂಥ ಅಮೇರಿಕಾದವನೇ ಇರಲಿಲ್ಲ. ಕೊಂಡವನು ರುಸ್ಸೋ ತಾನೇ. ಸ್ನೇಹಿತನಿಗೆ ನಾಚಿಕೆಯಾಗಬಾರದೆಂದು ಹೆಸರನ್ನು ಮರೆಮಾಡಿಕೊಂಡಿದ್ದನು. ಎಡಗೈಗೆ ತಿಳಿಯದಂತೆ ಬಲಗೈ ಕೊಡುವದೆಂದರೆ ಇದೇ.

೧೮೫೭ರಲ್ಲಿ ಹಕ್ಕಲಾಯುವವರ ಚಿತ್ರವು ಪ್ರದರ್ಶನಕ್ಕೆ ಬಂದಿತು. ಅದರ ಎತ್ತರವು ಸುಮಾರು ೨ ಅಡಿ ೯ ಅಂಗುಲ. ಮುಂದುಗಡೆ ಮೂವರು ಬಡ ಹೆಂಗಸರು. ಇಬ್ಬರು ನೆಲದ ತನಕ ಬಾಗಿ ಒಂದೊಂದು ತೆನೆಯನ್ನು ಹೆಕ್ಕುತ್ತಾರೆ, ಮೂರನೆಯವಳು ನೊಂದ ಬೆನ್ನನ್ನು ಅರ್ಧ ಎತ್ತಿದ್ದಾಳೆ. ಬಹು ಹಿಂದೆ, ಬಿಸಿಲಿನಲ್ಲಿ, ಬೆಟ್ಟದಂಥ ಬಣವೆಗಳು, ತುಂಬಿದ ಬಂಡಿ, ಕುದುರೆಯ ಮೇಲೆ ಕೂತು ನೋಡಿಕೊಳ್ಳುವ ಮೇಲ್ವಿಚಾರಕನು. ಕೊಯ್ಲು ಮುಗಿದ ಮೇಲೆ ಬಿದ್ದ ತೆನೆಗಳನ್ನು ಸೂರ್ಯೋದಯದಿಂದ ಸೂರ್ಯಾಸ್ತದ ವರೆಗೆ ಆಯ್ದುಕೊಳ್ಳುವ ಹಕ್ಕು ಆ ದೇಶದ ಬಡವರಿಗೆ ಪೂರ್ವದಿಂದಲೂ ಇತ್ತು. ಬಡವನಿಗೂ ಪರದೇಶಿಗೂ ಹಕ್ಕಲನ್ನು ಬಿಡಬೇಕೆಂದು ಮೋಶೆಯ ನ್ಯಾಯಪ್ರಮಾಣವು ಹೇಳುವದನ್ನು ನಮ್ಮ ವಾಚಕರು ಬಲ್ಲರು. ಚಿತ್ರದಲ್ಲಿ ಯಾರೂ ಅಳುವದಿಲ್ಲ, ಯಾರೂ ಕೈ ಎತ್ತಿ ಕೂಗುವದಿಲ್ಲ. ಆದರೂ ಪ್ಯಾರಿಸಿನ ಧನಿಕರು ಸಿಟ್ಟಾದರು. ೧೮೪೮ರ ಗಲಭೆಯನ್ನು ಅವರು ಮರೆತಿರಲಿಲ್ಲ. ಈ ಮೂವರು ಮುದುಕಿಯರಂಥವರ ಹಿಂದೆ ದಂಗೆಯ ಭರ್ಜಿಗಳು ಕಾಣುತ್ತವೆಂಬಂತೆ ಕೆಲವರು ಬರೆದರು. ಬಡವರು ಬಾಗಿರುವದನ್ನು ದಿನಾಲು ನೋಡಿಯೂ ನೋಡದವರಿಗೆ ಅದನ್ನು ಗೋಡೆಯ ಮೇಲೆ ನೋಡುವದು ಸಹಿಸದೆ ಹೋಯಿತು. ಚಿತ್ರವು ಕೇಳಿದ ಬೆಲೆಗೆ ಹೋಗದೆ ೩,೦೦೦ ಫ್ರಾಂಕುಗಳಿಗೆ ಮಾರಿಹೋಯಿತು.

ನಾವು ಆರಂಭದಲ್ಲಿ ಹೇಳಿದ ಪ್ರಾರ್ಥನೆಯ ಚಿತ್ರವು ೧೮೫೭ರಿಂದ ೧೮೫೯ರ ವರೆಗೆ ಬರೆಯಲ್ಪಟ್ಟಿತು. ಅದು ಎತ್ತರದಲ್ಲಿ ಎರಡಡಿಯೂ ಇಲ್ಲ. ರೋಮನ್ ಕತೋಲಿಕ ಸಭೆಯಲ್ಲಿ ದಿನಕ್ಕೆ ಮೂರಾವರ್ತಿ ಗಂಟೆ ಬಾರಿಸಿ, ದೇವದೂತನು ಮರಿಯಳಿಗೆ ತಂದ ಸಮಾಚಾರವನ್ನು ನೆನಸಿ ಪ್ರಾರ್ಥಿಸುವ ವಾಡಿಕೆಯುಂಟು. ಅದಕ್ಕೆ ಆಂಜೆಲುಸ್ ಎಂದು ಹೆಸರು. ಚಿತ್ರಕ್ಕೂ ಅದೇ ಹೆಸರು. ಹೊಲದಲ್ಲಿರುವಾಗ ಗಂಟೆಯ ಶಬ್ದ ಕೇಳಿದೊಡನೆ ಅಜ್ಜಿಯು ಎಲ್ಲರ ಕೆಲಸವನ್ನೂ ನಿಲ್ಲಿಸಿ ಸತ್ತುಹೋದ ಬಡವರನ್ನು ನೆನಸುವಂತೆ ಮಾಡುತ್ತಿದ್ದದ್ದೇ ಈ ಚಿತ್ರಕ್ಕೆ ಮೂಲವೆಂದು ಮಿಲೇಯು ತಿಳಿಸಿದ್ದಾನೆ. ಆ ಪ್ರಾರ್ಥನೆಯ ಕ್ರಮವು ನಮ್ಮ ಸಭೆಗಳದ್ದಲ್ಲ. ಆದರೂ ಕೆಲಸದ ನಡುವೆ ಕೈ ನಿಲ್ಲಿಸಿ ದೇವರ ಮುಂದೆ ತಲೆಬಾಗುವವರನ್ನು ಯಾರು ಹಗುರವಾಗಿ ಎಣಿಸುವರು? ಅದನ್ನು ಬರೆಯಿಸಿದ ಎಪಲ್ಟನ್ ಎಂಬ ಅಮೇರಿಕಾದ ಧನಿಕನು ತೆಗೆದುಕೊಳ್ಳಲು ಬರಲೇ ಇಲ್ಲ. ೧೮೬೦ರಲ್ಲಿ ಅದು ೧,೦೦೦ ಫ್ರಾಂಕುಗಳಿಗೆ ಹೋಯಿತು.

೧೮೬೩ರಲ್ಲಿ ಗುದ್ದಲಿಯವನ ಚಿತ್ರವು ಇನ್ನೂ ಹೆಚ್ಚಿನ ಕೋಪವನ್ನೆಬ್ಬಿಸಿತು. ಕಲ್ಲುಮುಳ್ಳಿನ ನೆಲವನ್ನು ಅಗೆದು ಸೋತುಹೋದವನು ಗುದ್ದಲಿಯ ಮೇಲೆ ಭಾರವನ್ನು ಹಾಕಿ, ಬಾಯಿ ತೆರೆದು ಏದುಸಿರು ಬಿಡುತ್ತಾನೆ. ಇಂಥ ಕುರೂಪವನ್ನು ಯಾಕೆ ಬರೆಯಬೇಕೆಂದು ಕೆಲವರು ಕೇಳಿದರು. ಇವನು ರೈತರನ್ನು ದಂಗೆಗೆ ಎಬ್ಬಿಸುವವನೆಂದು ಕೆಲವರು ದೂರಿದರು. ತಾನು ಯಾವ ರಾಜಕೀಯ ಪಕ್ಷದವನೂ ಅಲ್ಲವೆಂದೂ, ಮುಖದ ಬೆವರಿನಿಂದ ಆಹಾರವನ್ನು ತಿನ್ನಬೇಕೆಂದು ಆದಿಯಲ್ಲಿ ವಿಧಿಸಲ್ಪಟ್ಟ ಮನುಷ್ಯನನ್ನೇ ಬರೆದೆನೆಂದೂ, ಹೊಲದ ಸೌಂದರ್ಯವನ್ನು ಕಾಣದವನು ತಾನಲ್ಲವೆಂದೂ ಮಿಲೇಯು ಸ್ನೇಹಿತನಿಗೆ ಕಾಗದ ಬರೆದನು. ಮಾರಾಟಕ್ಕೋಸ್ಕರ ರೈತರ ಮುಖದಲ್ಲಿ ಸುಳ್ಳು ನಗುವನ್ನು ಬರೆಯಲು ಅವನು ಒಪ್ಪಲಿಲ್ಲ.

ಅವನು ಯಾವಾಗಲೂ ಉಪವಾಸದಲ್ಲಿದ್ದನೆಂದು ತಿಳಿಯಬಾರದು. ಅವನ ಚರಿತ್ರೆಯನ್ನು ಮೊದಲು ಬರೆದ ಸ್ನೇಹಿತನಾದ ಆಲ್ಫ್ರೆದ್ ಸಾನ್ಸಿಯೇ ಎಂಬವನು ಬಡತನದ ಬಣ್ಣವನ್ನು ಸ್ವಲ್ಪ ಗಾಢವಾಗಿಯೇ ಹಚ್ಚಿದ್ದಾನೆಂದು ಈಗಿನ ವಿದ್ವಾಂಸರು ತೋರಿಸಿದ್ದಾರೆ. ೧೮೬೦ರಲ್ಲಿ ಮಿಲೇಯು ಮೂರು ವರ್ಷಗಳಲ್ಲಿ ೨೫ ಚಿತ್ರಗಳನ್ನು ಬರೆದುಕೊಡುವ ಕರಾರನ್ನು ಮಾಡಿಕೊಂಡು ತಿಂಗಳು ತಿಂಗಳಿಗೆ ಹಣವನ್ನು ಪಡೆಯತೊಡಗಿದನು. ೧೮೬೭ರಲ್ಲಿ ಪ್ಯಾರಿಸಿನ ಸರ್ವಲೋಕ ಪ್ರದರ್ಶನದಲ್ಲಿ ಅವನ ಮುಖ್ಯ ಚಿತ್ರಗಳು ಒಟ್ಟಾಗಿ ತೋರಿಸಲ್ಪಟ್ಟು ಪ್ರಥಮ ತರಗತಿಯ ಪದಕವು ದೊರೆಯಿತು. ಆದರೆ ಅದೇ ವರ್ಷದ ಕೊನೆಯಲ್ಲಿ ರುಸ್ಸೋ ತೀರಿಹೋದನು. ೧೮೬೮ರಲ್ಲಿ ಸರಕಾರವು ಮಿಲೇಗೆ ಗೌರವ ಪದವಿಯನ್ನು ಕೊಟ್ಟಿತು. ಮೊದಲು ಅವನನ್ನು ಹೊರಗೆ ಹಾಕಿದ ಪ್ರದರ್ಶನದವರೇ ೧೮೭೦ರಲ್ಲಿ ಅವನನ್ನು ತೀರ್ಪುಗಾರರಲ್ಲಿ ಒಬ್ಬನನ್ನಾಗಿ ಆರಿಸಿಕೊಂಡರು.

ಅದೇ ವರ್ಷ ಜರ್ಮನರೊಡನೆ ಯುದ್ಧವುಂಟಾಗಲು ಅವನು ಕುಟುಂಬ ಸಮೇತನಾಗಿ ತನ್ನ ಹುಟ್ಟೂರಿನ ಕಡೆಗೆ ಹೋಗಿ ೧೮೭೧ರ ವರೆಗೆ ಅಲ್ಲಿದ್ದನು. ತಾನು ಬಾಲ್ಯದಲ್ಲಿ ಕುಳಿತ ಗ್ರೇವಿಲ್ ದೇವಾಲಯದ ಚಿತ್ರವನ್ನು ಆಗ ಪ್ರಾರಂಭಿಸಿದನು. ಬಾರ್ಬಿಜೋನಿಗೆ ಹಿಂದಿರುಗಿ ವಸಂತಕಾಲದ ಚಿತ್ರವೊಂದನ್ನು ೧೮೭೩ರಲ್ಲಿ ಮುಗಿಸಿದನು: ಗುಡುಗುಮಳೆ ಕಳೆದು ಕಪ್ಪು ಆಕಾಶದಲ್ಲಿ ಮುಗಿಲುಬಿಲ್ಲು, ಕೆಳಗೆ ಹೂಬಿಟ್ಟ ಸೇಬಿನ ಮರಗಳು. ೧೮೭೪ರಲ್ಲಿ ಸರಕಾರದವರು ಪ್ಯಾರಿಸಿನ ದೊಡ್ಡ ದೇವಾಲಯವೊಂದರ ಗೋಡೆಗಳ ಚಿತ್ರವನ್ನು ಅವನಿಗೆ ವಹಿಸಿದರು. ಆದರೆ ಶರೀರವು ಆಗಲೇ ಸೋತಿತ್ತು. ೧೮೭೫ನೆಯ ಜನವರಿ ೩ರಲ್ಲಿ ದೇವಾಲಯದ ಕ್ರಮದಂತೆ ಕತ್ರೀನಳ ಮದುವೆಯನ್ನು ನೆರವೇರಿಸಿಕೊಂಡು, ಅದೇ ತಿಂಗಳು ೨೦ರಲ್ಲಿ ತನ್ನ ಅರುವತ್ತನೆಯ ವಯಸ್ಸಿನಲ್ಲಿ ಮೃತನಾದನು. ಶಾಯಿ ಎಂಬ ಗ್ರಾಮದಲ್ಲಿ ರುಸ್ಸೋವಿನ ಸಮಾಧಿಯ ಪಕ್ಕದಲ್ಲಿ ಅವನನ್ನು ಹೂಣಿಟ್ಟರು. ಆಂಜೆಲುಸಿನ ಚಿತ್ರದಲ್ಲಿ ದೂರಕ್ಕೆ ಕಾಣುವ ಗೋಪುರವು ಆ ಶಾಯಿ ಗ್ರಾಮದ ದೇವಾಲಯದ್ದೇ.

ಅವನು ಸತ್ತ ಮೇಲೆ ನಡೆದ ಸಂಗತಿಯು ಆಶ್ಚರ್ಯಕರವಾದದ್ದು. ೧,೦೦೦ ಫ್ರಾಂಕುಗಳಿಗೆ ಹೋಗಿದ್ದ ಆಂಜೆಲುಸ್ ೧೮೮೯ರ ಹರಾಜಿನಲ್ಲಿ ೫,೫೩,೦೦೦ ಫ್ರಾಂಕುಗಳಿಗೆ ಏರಿ ಅಮೇರಿಕಾಕ್ಕೆ ಹೋಯಿತು. ಮರುವರ್ಷ ಶೋಶಾರ್ ಎಂಬ ಫ್ರಾನ್ಸಿನ ವರ್ತಕನು ಏಳು ಲಕ್ಷಕ್ಕೂ ಹೆಚ್ಚು ಫ್ರಾಂಕುಗಳನ್ನು ಕೊಟ್ಟು ಅದನ್ನು ಹಿಂದಕ್ಕೆ ತಂದನು. ಹಕ್ಕಲಾಯುವವರ ಚಿತ್ರವು ೩,೦೦,೦೦೦ ಫ್ರಾಂಕುಗಳಿಗೆ ಮಾರಿತು. ಈಗ ಎರಡೂ ಪ್ಯಾರಿಸಿನ ಓರ್ಸೇ ಚಿತ್ರಶಾಲೆಯಲ್ಲಿ ಎಲ್ಲರಿಗೂ ನೋಡಲು ಇಡಲ್ಪಟ್ಟಿವೆ. ಆ ಹರಾಜಿನ ಕಾಲದಲ್ಲಿ ಮಿಲೇಯ ವಿಧವೆಯು ಇನ್ನೂ ಬದುಕಿದ್ದಳು. ಆ ಲಕ್ಷಗಳಲ್ಲಿ ಆಕೆಗೆ ಒಂದು ಫ್ರಾಂಕಿನ ಪಾಲೂ ಇರಲಿಲ್ಲ. ಈ ಅನ್ಯಾಯವನ್ನು ಜನರು ಮರೆಯಲಿಲ್ಲ. ಕೃತಿಯು ಹರಾಜಿನಲ್ಲಿ ಮತ್ತೆ ಮಾರಲ್ಪಟ್ಟಾಗ ಕ್ರಯದ ಒಂದು ಪಾಲು ಚಿತ್ರಗಾರನಿಗೆ ಅಥವಾ ಅವನ ವಾರಸುದಾರರಿಗೆ ಸಲ್ಲಬೇಕೆಂಬ ಕಾನೂನನ್ನು ಫ್ರಾನ್ಸ್ ದೇಶವು ೧೯೨೦ರಲ್ಲಿ ಮಾಡಿತು. ಅದನ್ನು ಬೇಡಿದವರು ಆಂಜೆಲುಸಿನ ಕಥೆಯನ್ನೇ ಎತ್ತಿ ತೋರಿಸುತ್ತಿದ್ದರು.

ಅವನ ಕೆಲಸವನ್ನು ಹೃದಯದಿಂದ ಪ್ರೀತಿಸಿದವರಲ್ಲಿ ಹಾಲೆಂಡಿನ ವಿನ್ಸೆಂಟ್ ವಾನ್ ಗೋ ಮುಖ್ಯನು. ಅವನು ಪ್ರೊಟೆಸ್ಟಂಟ್ ಬೋಧಕನ ಮಗನಾಗಿದ್ದು, ಬೆಲ್ಜಿಯಮಿನ ಕಲ್ಲಿದ್ದಲ ಗಣಿಗಳ ಕೂಲಿಯವರಲ್ಲಿ ಕೆಲವು ಕಾಲ ತಾನೂ ಸುವಾರ್ತೆಯನ್ನು ಸಾರಿದವನು. ಆಮೇಲೆ ಚಿತ್ರಗಾರನಾಗಿ, ೧೮೮೯ ಮತ್ತು ೧೮೯೦ರಲ್ಲಿ ರೋಗಿಯಾಗಿ ಆಶ್ರಮದಲ್ಲಿದ್ದಾಗ, ಮಿಲೇಯ ಅಚ್ಚುಪ್ರತಿಗಳನ್ನು ಮುಂದಿಟ್ಟುಕೊಂಡು ಬಿತ್ತುವವನನ್ನೂ, ಮೊದಲ ಹೆಜ್ಜೆಯಿಡುವ ರೈತನ ಮಗುವನ್ನೂ, ಇನ್ನೂ ಅನೇಕ ಚಿತ್ರಗಳನ್ನೂ ತನ್ನ ಬಣ್ಣಗಳಲ್ಲಿ ತಿರಿಗಿ ಬರೆದನು.

ಪ್ರಿಯ ವಾಚಕರೇ, ಅರಸರನ್ನೂ ಸೇನಾಪತಿಗಳನ್ನೂ ಮಾತ್ರ ಚಿತ್ರಕ್ಕೆ ಯೋಗ್ಯರೆಂದು ಎಣಿಸುತ್ತಿದ್ದ ಕಾಲದಲ್ಲಿ ಈ ಒಕ್ಕಲಿಗನ ಮಗನು ಗುದ್ದಲಿ ಹಿಡಿದ ಕೈಯನ್ನು ಲೋಕದ ಮುಂದೆ ಇಟ್ಟನು. ಇದು ದೊಡ್ಡದು. ಆದರೆ ಹಕ್ಕಲಾಯುವವರ ಚಿತ್ರಕ್ಕೆ ಲಕ್ಷಗಳನ್ನು ಸುರಿದವರ ಹೊಲಗಳಲ್ಲಿ ಆಯುವ ಹೆಂಗಸರ ಬೆನ್ನು ಅದರಿಂದ ನೆಟ್ಟಗಾಗಲಿಲ್ಲ ಎಂಬದನ್ನೂ ನಾವು ಮರೆಯಬಾರದು. ಚಿತ್ರವನ್ನು ಮೆಚ್ಚುವದು ಸುಲಭ. ಚಿತ್ರದಲ್ಲಿರುವವಳನ್ನು ಬೋವಜನಂತೆ ಕರೆದು ತನ್ನವರ ಸಂಗಡ ಉಣ್ಣಕೂರಿಸುವದು ಕಷ್ಟ. ನಮ್ಮಲ್ಲಿ ಅಂಗೈಯಗಲದ ಹೊಲವುಳ್ಳವನಿಗೂ ಅವನಿಗಿಂತ ಬಡವನಾದ ನೆರೆಯವನು ಇದ್ದೇ ಇರುತ್ತಾನೆ. ಸುಗ್ಗಿಯ ದಿನದಲ್ಲಿ ಅಂಥವನಿಗಾಗಿ ಹೊಲದ ಅಂಚಿನಲ್ಲಿ ನಾಲ್ಕು ತೆನೆಗಳನ್ನು ಬಿಟ್ಟವನು, ಮಿಲೇಯ ಚಿತ್ರವನ್ನು ಎಂದೂ ನೋಡದೆ ಹೋದರೂ, ಅದರ ಅರ್ಥವನ್ನು ಚೆನ್ನಾಗಿ ಬಲ್ಲವನು.